ಬಿಗಿನರ್‌ಗೆ ಯಾವ ಗಾಲ್ಫ್ ಬಾಲ್ ಸರಿ? ಬೆಂಗಳೂರಲ್ಲಿ ಆಡೋರು ಸ್ವಲ್ಪ ಹೇಳಿ

ಟೀಆಫ್_ಹುಡುಗ:

ಎಲ್ಲರಿಗೂ ನಮಸ್ಕಾರ. ಹೋದ ವರ್ಷದಿಂದ ಗಾಲ್ಫ್ ಕಲೀತಿದೀನಿ, ಪ್ರಾಕ್ಟೀಸ್ ರೇಂಜಲ್ಲಿ ಕೋಚ್ ಹತ್ರ ಬೇಸಿಕ್ಸ್ ಆಯ್ತು, ಈಗ ಆಫೀಸ್ ಫ್ರೆಂಡ್ಸ್ ಜೊತೆ ವೀಕೆಂಡಲ್ಲಿ ಕೋರ್ಸಿಗೆ ಇಳೀತಿದೀನಿ, 18 ಹೋಲಿಗೆ 105-110 ಸ್ಟ್ರೋಕ್ (ಹೊಡೆತ) ಹಾಗೆ ಬರ್ತಿದೆ. ಇಷ್ಟು ದಿನ ಫ್ರೆಂಡ್ ಬ್ಯಾಗಲ್ಲಿ ಯಾವುದು ಸಿಗುತ್ತೋ ಅದನ್ನೇ ಆಡ್ತಿದ್ದೆ, ಇನ್ಮೇಲೆ ನಾನೇ ತಗೋಬೇಕು. ಅಂಗಡಿಗೆ ಹೋದ್ರೆ ಗೋಡೆ ತುಂಬ ಡಬ್ಬಿ, ಟೂ ಪೀಸ್ ತ್ರೀ ಪೀಸ್ ಫೈವ್ ಪೀಸ್, ಸಾಫ್ಟ್, ಡಿಸ್ಟೆನ್ಸ್, ಟೂರ್, ಇನ್ನೊಂದಷ್ಟು ಅರ್ಥ ಆಗದೇ ಇರೋ ಹೆಸರುಗಳು. ಅಂಗಡಿಯವರು ಟೈಟ್ಲಿಸ್ಟ್ ಪ್ರೊ ವಿ1 ತಗೊಳ್ಳಿ ಸರ್ ಪ್ರೊಗಳು ಆಡೋದೇ ಅದು ಅಂತಾರೆ, ಲೆಕ್ಕ ಹಾಕಿದ್ರೆ ಒಂದೊಂದು ಬಾಲ್ ನಾನೂರು ರೂಪಾಯಿ ಮೇಲೆ ಬೀಳುತ್ತೆ. ಒಂದು ರೌಂಡಲ್ಲಿ ಕೆರೆಗೆ, ಪೊದೆಗೆ ಅಂತ ಎಷ್ಟು ಹೋಗುತ್ತೆ ನಿಮಗೆಲ್ಲ ಗೊತ್ತಲ್ಲ.

ಕೇಳಬೇಕಿರೋದು ಇಷ್ಟು. ನನ್ನ ಲೆವೆಲ್‌ಗೆ ಬಾಲ್‌ನಿಂದ ನಿಜವಾಗ್ಲೂ ವ್ಯತ್ಯಾಸ ಗೊತ್ತಾಗುತ್ತಾ? ಡ್ರೈವರ್ (ದೂರ ಹೊಡೆಯೋ ಉದ್ದನೆ ಕ್ಲಬ್) ಬೀಸೋ ಸ್ಪೀಡ್ ಗಂಟೆಗೆ 88-90 ಮೈಲಿ ಇದೆ ಅಂತ ಕೋಚ್ ಮೆಷಿನಲ್ಲಿ ತೋರಿಸಿದ್ರು, ಈ ಸ್ಪೀಡಿಗೆ ಸಾಫ್ಟ್ ಬಾಲೇ ಬೇಕು ಅಂತ ಒಬ್ರು, ಹಾಗೇನಿಲ್ಲ ಅಂತ ಇನ್ನೊಬ್ರು. ಮತ್ತೆ ಎಲ್ಲಿ ತಗೊಂಡ್ರೆ ಒಳ್ಳೇದು? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಸ್ಯಾಂಕಿರೋಡ್_ಬೋಗಿ:

ಮೊದಲು ಆ ಗೋಡೆ ತುಂಬ ಇರೋ ಡಬ್ಬಿಗಳನ್ನ ಮನಸ್ಸಲ್ಲೇ ಎರಡು ರಾಶಿ ಮಾಡಿ. ಎಷ್ಟು ಪೀಸು, ಅಂದ್ರೆ ಎಷ್ಟು ಪದರ, ಅನ್ನೋದನ್ನ ಬಿಟ್ಟಾಕಿ, ಮೇಲಿನ ಸಿಪ್ಪೆ ಅಂದ್ರೆ ಕವರ್ ಯಾವುದ್ರದ್ದು ಅಂತ ಮಾತ್ರ ನೋಡಿ. ಒಂದು ಅಯನೊಮರ್, ಅದನ್ನೇ ಸರ್ಲಿನ್ ಅಂತಾನೂ ಕರೀತಾರೆ, ಗಟ್ಟಿ ಪ್ಲಾಸ್ಟಿಕ್, ಸುಲಭಕ್ಕೆ ಗೀರು ಬೀಳಲ್ಲ, ಬೆಲೆ ಕಮ್ಮಿ. ಇನ್ನೊಂದು ಯುರೆಥೇನ್, ಮೆತ್ತಗಿರುತ್ತೆ, ವೆಜ್ (ಹತ್ತಿರದಿಂದ ಬಾಲ್ ಮೇಲಕ್ಕೆತ್ತೋ ಕ್ಲಬ್) ತಗೊಂಡು ಹೊಡೆದ್ರೆ ಕ್ಲಬ್ ಮುಖದ ಗ್ರೂವ್‌ಗಳು ಅದನ್ನ ಕಚ್ಚಿ ಹಿಡಿಯುತ್ತೆ, ಬಾಲು ಜೋರಾಗಿ ಹಿಂದಕ್ಕೆ ತಿರುಗ್ತಾ ಹೋಗಿ ಗ್ರೀನ್ (ಹೋಲ್ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲು) ಮೇಲೆ ಒಂದೆರಡು ಪುಟ ಬಿದ್ದು ನಿಲ್ಲುತ್ತೆ. ಅಯನೊಮರ್ ಬಾಲಾದ್ರೆ ಅದೇ ಶಾಟ್ ಬಿದ್ದು ಉರುಳ್ಕೊಂಡು ಮುಂದೆ ಹೋಗುತ್ತೆ. ಡ್ರೈವರಲ್ಲಿ ಎರಡಕ್ಕೂ ನಿಮ್ಮ ಕಣ್ಣಿಗೆ ದೊಡ್ಡ ವ್ಯತ್ಯಾಸ ಕಾಣಲ್ಲ, ಗ್ರೀನ್ ಹತ್ರ ಬಂದಾಗ ಮಾತ್ರ ನೀವೇ ಬೆರಗಾಗೋಷ್ಟು ಗೊತ್ತಾಗುತ್ತೆ.

ಹೆಸರು ಹೇಳೋದಾದ್ರೆ ಕಾಲವೇ ಸೂಪರ್‌ಸಾಫ್ಟ್, ಸ್ರಿಕ್ಸಾನ್ ಸಾಫ್ಟ್ ಫೀಲ್, ಟೈಟ್ಲಿಸ್ಟ್ ಟ್ರೂಫೀಲ್, ಬ್ರಿಜ್‌ಸ್ಟೋನ್ ಇ12, ಡೆಕಾಥ್ಲಾನ್‌ನ ಇನೆಸಿಸ್ ಸಾಫ್ಟ್ 500 ಇವೆಲ್ಲ ಅಯನೊಮರ್ ಕಡೆಯವು. ಪ್ರೊ ವಿ1, ಪ್ರೊ ವಿ1ಎಕ್ಸ್, ಟೇಲರ್‌ಮೇಡ್ ಟಿಪಿ5, ಕಾಲವೇ ಕ್ರೋಮ್ ಟೂರ್, ಸ್ರಿಕ್ಸಾನ್ ಝೀ ಸ್ಟಾರ್, ಕ್ಯೂ ಸ್ಟಾರ್ ಟೂರ್, ಬ್ರಿಜ್‌ಸ್ಟೋನ್ ಟೂರ್ ಬಿ ಸಾಲಿನವು ಯುರೆಥೇನ್. ಅಂಗಡಿಯವರು ಪ್ರೊಗಳ ಬಗ್ಗೆ ಹೇಳಿದ್ದು ಸುಳ್ಳೇನಲ್ಲ, 2000ನೇ ಇಸವಿ ಅಕ್ಟೋಬರಲ್ಲಿ ಲಾಸ್ ವೇಗಸ್ ಟೂರ್ನಮೆಂಟಲ್ಲಿ ಪ್ರೊ ವಿ1 ಮೊದಲ ಸಲ ಪ್ರೊಗಳ ಕೈಗೆ ಬಂತು, ಅದಾದ್ಮೇಲೆ ರಬ್ಬರ್ ದಾರ ಸುತ್ತಿ ಮಾಡ್ತಿದ್ದ ಹಳೇ ಬಾಲುಗಳ ಕಾಲ ಬೇಗನೇ ಮುಗಿದೋಯ್ತು. ಆದ್ರೆ ಅವರಿಗೆ ಬಾಲ್ ಕಂಪನಿಯಿಂದ ಬರುತ್ತೆ, ನಿಮಗೆ ಜೇಬಿಂದ ಹೋಗುತ್ತೆ.

105ರಲ್ಲಿ ಆಡೋರಿಗೆ ನನ್ನ ಸಲಹೆ, ಒಂದು ಒಳ್ಳೆ ಅಯನೊಮರ್ ಬಾಲ್ ಆರಿಸ್ಕೊಂಡು ಅದನ್ನೇ ಆಡಿ, ಬೇರೆ ಮುಟ್ಟಬೇಡಿ. ಇವತ್ತು ಸ್ರಿಕ್ಸಾನ್, ನಾಳೆ ಯಾರೋ ಕೊಟ್ಟ ಟಿಪಿ5, ಮೂರನೇ ಹೋಲಲ್ಲಿ ಪೊದೇಲಿ ಸಿಕ್ಕಿದ ಇನ್ನೊಂದು ಅಂತ ಆಡಿದ್ರೆ ಚಿಪ್ ಮಾಡಿದಾಗ, ಅಂದ್ರೆ ಗ್ರೀನ್ ಪಕ್ಕದಿಂದ ಮೆಲ್ಲಗೆ ಎತ್ತಿ ಹಾಕಿದಾಗ, ಎಷ್ಟು ಉರುಳುತ್ತೆ ಅನ್ನೋ ಅಂದಾಜೇ ಕೈಗೆ ಕೂರಲ್ಲ. ಒಂದೇ ಬಾಲ್ ಇದ್ರೆ ಕೆಟ್ಟ ಚಿಪ್ ಬಂದಾಗ ಅದು ಕೈದೋ ಬಾಲ್‌ದೋ ಅನ್ನೋ ಗೊಂದಲ ಇರಲ್ಲ. ಇದನ್ನ ನಾನು ತುಂಬ ಒತ್ತಿ ಹೇಳ್ತೀನಿ, ಯಾಕಂದ್ರೆ ನಮ್ಮ ಗ್ರೂಪಲ್ಲಿ ಸ್ಕೋರ್ ಇಳಿಸಿದೋರೆಲ್ಲ ದೊಡ್ಡ ಡ್ರೈವ್ ಹೊಡೆದು ಇಳಿಸಿದೋರಲ್ಲ, ಐವತ್ತು ಗಜದೊಳಗೆ ಕೈ ಕುದುರಿಸ್ಕೊಂಡು ಇಳಿಸಿದೋರು.

ನಮ್ಮೂರಿನ ಅದಿತಿ ಅಶೋಕ್ ನೋಡಿ, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಲ್ಲಿ ನಾಲ್ಕನೇ ಸ್ಥಾನ, ಪದಕ ತಪ್ಪಿದ್ದು ಒಂದೇ ಒಂದು ಸ್ಟ್ರೋಕಲ್ಲಿ. ಅವರ ಜೊತೆ ಆಡ್ತಿದ್ದೋರೆಲ್ಲ ಡ್ರೈವರಲ್ಲಿ ಅವರನ್ನ ದಾಟಿ ಎಲ್ಲೋ ಮುಂದೆ ಹೋಗ್ತಿದ್ರು, ಇವರು ಗ್ರೀನ್ ಮೇಲೆ ಪಟ್ಟರ್ ಹಿಡಿದು ಅವರಿಗೆಲ್ಲ ಸಮ ನಿಂತಿದ್ರು. ಅವತ್ತು ಬೆಳಗಿನ ಜಾವ ಎದ್ದು ಟಿವಿ ನೋಡಿದೋರಿಗೆ ಶಾರ್ಟ್ ಗೇಮ್ ಅಂದ್ರೇನು ಅಂತ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಗಾಳಿಪಟ_ಪಾರ್3:

ಮೇಲಿನ ಸರ್ ಹೇಳಿದ್ದಕ್ಕೆ ಹೆಚ್ಚೂಕಮ್ಮಿ ಎಲ್ಲ ಒಪ್ತೀನಿ, ನಾನು ಕಂಪ್ರೆಶನ್ ಬಗ್ಗೆ ಸೇರಿಸ್ತೀನಿ. ಬಾಲನ್ನ ಒತ್ತಿದ್ರೆ ಎಷ್ಟು ಅಮುಕುತ್ತೆ ಅನ್ನೋದರ ಅಳತೆ ಅದು. ಸೂಪರ್‌ಸಾಫ್ಟ್ 40ರ ಆಸುಪಾಸು, ಪ್ರೊ ವಿ1 90ರ ಆಸುಪಾಸು, ವಿ1ಎಕ್ಸ್ ನೂರಕ್ಕೆ ಹತ್ರ. ನಂಬರ್ ಕಮ್ಮಿ ಆದಷ್ಟೂ ಮೆತ್ತಗೆ. ನಿಮ್ಮ ಸ್ಪೀಡ್ 90 ಮೈಲಿ ಅಂದ್ರೆ ಗಟ್ಟಿ ಬಾಲ್ ಪೂರ್ತಿ ಅಮುಕಲ್ಲ, ಶಕ್ತಿ ವೇಸ್ಟ್ ಆಗುತ್ತೆ, ಹಾಗಾಗಿ 70ಕ್ಕಿಂತ ಕೆಳಗಿನದೇ ತಗೊಳ್ಳಿ ಅನ್ನೋದು ನನ್ನ ಅಭಿಪ್ರಾಯ. ನಾನು ಮೆತ್ತನೆ ಬಾಲ್‌ಗೆ ಬಂದ್ಮೇಲೆ ಐರನ್ ಶಾಟಲ್ಲಿ ಕೈಗೆ ಹೊಡೆತ ಬೀಳೋದೂ ಕಮ್ಮಿ ಆಯ್ತು.

ಇನ್ನೊಂದು, ಆ ಗುಳಿಗಳು, ಡಿಂಪಲ್ಸ್. ಪ್ರತಿ ಕಂಪನಿನೂ ನಮ್ಮ ಗುಳಿ ಸ್ಪೆಷಲ್ ಅಂತ ಜಾಹೀರಾತು ಹಾಕುತ್ತೆ. ಇದರ ಕಥೆ ನನಗೆ ತುಂಬ ಇಷ್ಟ ಅದಕ್ಕೆ ಬರೀತಿದೀನಿ, ಬೇಡಾದೋರು ಸ್ಕ್ರೋಲ್ ಮಾಡಿ. ನುಣ್ಣಗಿರೋ ಬಾಲ್ ಗಾಳೀಲಿ ಹೋಗುವಾಗ ಅದರ ಮೈಗೆ ಅಂಟ್ಕೊಂಡು ಹೋಗೋ ಗಾಳಿಪದರ ಬೇಗ ಬಿಟ್ಕೊಂಡು ಬಿಡುತ್ತೆ, ಹಿಂದೆ ದೊಡ್ಡ ಸುಳಿ ಆಗಿ ಬಾಲನ್ನ ಎಳೆಯುತ್ತೆ. ಗುಳಿ ಇದ್ರೆ ಆ ಪದರ ಸ್ವಲ್ಪ ಕಲಕಿ, ಬಾಲಿನ ಹಿಂಭಾಗದವರೆಗೂ ಅಂಟ್ಕೊಂಡೇ ಹೋಗುತ್ತೆ, ಸುಳಿ ಸಣ್ಣದಾಗುತ್ತೆ, ಎಳೆತ ಕಮ್ಮಿ. ಜೊತೆಗೆ ಬಾಲ್ ಹಿಂದಕ್ಕೆ ತಿರುಗ್ತಿರೋದ್ರಿಂದ ಮೇಲಕ್ಕೆ ಎತ್ತೋ ಬಲಾನೂ ಸಿಗುತ್ತೆ. ಗುಳಿ ಇಲ್ಲದ ಬಾಲ್ ಅದೇ ಹೊಡೆತಕ್ಕೆ ಹೆಚ್ಚುಕಡಿಮೆ ಅರ್ಧ ದೂರ ಹೋದ್ರೆ ಹೆಚ್ಚು.

ಇದು ಗೊತ್ತಾಗಿದ್ದು ಆಟಗಾರರಿಂದಲೇ. 1876ರಲ್ಲಿ ನಮ್ಮ ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಯ್ತಲ್ಲ, ಆ ಕಾಲದ ಬಾಲ್ ಅಂದ್ರೆ ಮಲಯ ಕಡೆ ಮರದ ಹಾಲಿನಿಂದ ಮಾಡಿದ್ದು, ಗಟ್ಟಾ ಪರ್ಚಾ. ಹೊಸದಾಗಿ ನುಣ್ಣಗಿದ್ದಾಗ ಸರಿಯಾಗಿ ಹಾರ್ತಿರಲಿಲ್ಲ, ಆಡಿ ಆಡಿ ಗೀರು ಬಿದ್ದದ್ದು ಚೆನ್ನಾಗಿ ಹಾರ್ತಿತ್ತು, ಅದನ್ನ ನೋಡಿ ಬೇಕಂತಲೇ ಗೀರು ಹಾಕೋಕೆ ಶುರು ಮಾಡಿದ್ರು. 1898ರಲ್ಲಿ ಅಮೆರಿಕದ ಕೋಬರ್ನ್ ಹ್ಯಾಸ್ಕೆಲ್ ರಬ್ಬರ್ ದಾರ ಸುತ್ತಿದ ಬಾಲ್ ತಂದ್ರು, 1905ರಲ್ಲಿ ಇಂಗ್ಲೆಂಡಿನ ವಿಲಿಯಂ ಟೇಲರ್ ಈ ಒಳಗುಳಿ ವಿನ್ಯಾಸಕ್ಕೆ ಪೇಟೆಂಟ್ ಮಾಡಿದ್ರು, ಇವತ್ತಿಗೂ ಅದೇ ನಡೀತಿದೆ. ಈಗಿನ ಬಾಲಲ್ಲಿ ಮುನ್ನೂರರಿಂದ ನಾನೂರು ಚಿಲ್ರೆ ಗುಳಿ ಇರುತ್ತೆ, ಪ್ರೊ ವಿ1ನಲ್ಲಿ 388. ಎಷ್ಟಿದೆ ಅಂತ ನೋಡಿ ಬಾಲ್ ತಗೋಬೇಡಿ, ದೊಡ್ಡ ಕಂಪನಿಗಳದ್ದೆಲ್ಲ ಚೆನ್ನಾಗೇ ಇರುತ್ತೆ.

ಒಂದು ಎಚ್ಚರಿಕೆ, ಆನ್‌ಲೈನಲ್ಲಿ ಸ್ಲೈಸ್ (ಬಾಲ್ ಪಕ್ಕಕ್ಕೆ ಬಾಗಿ ಹೋಗೋದು) ಆಗಲ್ಲ ಅಂತ ಮಾರೋ ಬಾಲುಗಳು ಸಿಗುತ್ತೆ, ಪೊಲಾರಾ ತರದವು, ಗುಳಿಗಳನ್ನ ಒಂದು ಪಟ್ಟಿಯಲ್ಲಿ ಬೇರೆ ಥರ ಮಾಡಿರ್ತಾರೆ, ಬಾಲ್ ತಾನಾಗೇ ನೆಟ್ಟಗಾಗುತ್ತೆ. ಕ್ಲಬ್ ಟೂರ್ನಮೆಂಟಲ್ಲಿ ಅದು ನಡೆಯಲ್ಲ. ಗಾಲ್ಫ್ ನಿಯಮ ಮಾಡೋ ಯುಎಸ್‌ಜಿಎ ಮತ್ತೆ ಆರ್ ಅಂಡ್ ಎ ಒಪ್ಪಿದ ಬಾಲ್‌ಗಳ ಪಟ್ಟಿ ಇರುತ್ತೆ, ವ್ಯಾಸ 42.67 ಮಿಲಿಮೀಟರ್‌ಗಿಂತ ಕಮ್ಮಿ ಇರಬಾರದು, ತೂಕ 45.93 ಗ್ರಾಂ ದಾಟಬಾರದು, ಎಲ್ಲಾ ಕಡೆಯಿಂದ ಒಂದೇ ಥರ ಹಾರಬೇಕು. ಅದಕ್ಕಿಂತ ಮುಖ್ಯ, ಆ ಬಾಲಲ್ಲಿ ಆಡಿದ್ರೆ ನಿಮ್ಮ ಸ್ವಿಂಗ್ ಎಲ್ಲಿ ತಪ್ತಿದೆ ಅಂತ ನಿಮಗೇ ಗೊತ್ತಾಗಲ್ಲ.

ಜರ್ಸಿ_ಕನ್ನಡಿಗ:

ನಾನು ನ್ಯೂಜರ್ಸೀಲಿರೋದು, ವರ್ಷಕ್ಕೊಮ್ಮೆ ಊರಿಗೆ ಬಂದಾಗ ಭಾವನ ಜೊತೆ ಬೆಂಗಳೂರಲ್ಲಿ ಆಡ್ತೀನಿ. ಟೀಆಫ್ ಅವರೇ, ಅಮೆರಿಕದಿಂದ ಬರೋ ನೆಂಟರು ಯಾರಾದ್ರೂ ಇದ್ರೆ ಹೇಳಿ ತರಿಸ್ಕೊಳ್ಳಿ, ಇಲ್ಲಿನ ದೊಡ್ಡ ಅಂಗಡಿ ಕಾಸ್ಟ್‌ಕೋದ ಕರ್ಕ್‌ಲ್ಯಾಂಡ್ ಬಾಲ್. ಯುರೆಥೇನ್ ಕವರ್, ತ್ರೀ ಪೀಸ್, ಎರಡು ಡಜನ್ ಒಟ್ಟಿಗೆ ಮಾರ್ತಾರೆ, ಪ್ರೊ ವಿ1 ಒಂದು ಡಜನ್ 55 ಡಾಲರ್ ಆದ್ರೆ ಇದು ಎರಡು ಡಜನ್‌ಗೇ ಅದಕ್ಕಿಂತ ಎಷ್ಟೋ ಕಮ್ಮಿ. 2016ರಲ್ಲಿ ಮೊದಲು ಬಂದಾಗ ಫೋರ್ ಪೀಸ್ ಇತ್ತು, ಜನ ಮುಗಿಬಿದ್ದು ಸ್ಟಾಕೇ ಖಾಲಿ ಆಗಿತ್ತು, ಟೈಟ್ಲಿಸ್ಟ್ ಮಾಡೋ ಅಕುಶ್ನೆಟ್ ಕಂಪನಿಗೂ ಕಾಸ್ಟ್‌ಕೋಗೂ ಕೋರ್ಟ್‌ವರೆಗೂ ಹೋಗಿ 2018ರಲ್ಲಿ ರಾಜಿ ಆಯ್ತು. ಈಗಿನದು ಆ ಮೊದಲಿನದಲ್ಲ, ಡ್ರೈವರಲ್ಲಿ ಸ್ವಲ್ಪ ಸ್ಪಿನ್ ಜಾಸ್ತಿ, ಅಂದ್ರೆ ಸ್ಲೈಸ್ ಇರೋರಿಗೆ ಸ್ಲೈಸ್ ಇನ್ನೂ ಎದ್ದು ಕಾಣುತ್ತೆ. ಆದ್ರೂ ವೆಜ್ ಕಲಿಯೋಕೆ ಆ ದುಡ್ಡಿಗೆ ಅದಕ್ಕಿಂತ ಒಳ್ಳೇದಿಲ್ಲ. ಎರಡು ಡಜನ್ ಅಂದ್ರೆ 1.1 ಕೆಜಿ, ಸೂಟ್‌ಕೇಸಲ್ಲಿ ತರೋರಿಗೆ ಭಾರ ಏನಲ್ಲ, ನಾನಂತೂ ಬಂದಾಗೆಲ್ಲ ಭಾವಂಗೆ ತರ್ತೀನಿ.

ನನ್ನ ಅನುಭವಕ್ಕೆ ಬಂದ ಇನ್ನೊಂದು ವಿಷಯ. ಬೆಂಗಳೂರಲ್ಲಿ ಬಾಲ್ ಇಲ್ಲಿಗಿಂತ ಜಾಸ್ತಿ ಹೋಗುತ್ತೆ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆಯಲ್ಲ ಬೆಂಗಳೂರು, ಗಾಳಿ ತೆಳು, ಸಾವಿರ ಅಡಿಗೆ ಸುಮಾರು ಒಂದು ಪರ್ಸೆಂಟ್ ಲೆಕ್ಕದಲ್ಲಿ ಮೂರು ಪರ್ಸೆಂಟ್ ಚಿಲ್ರೆ, 150 ಗಜದ ಶಾಟಿಗೆ ಐದು ಗಜ. ನೀವು ಮಂಗಳೂರಿನ ಪಿಲಿಕುಳಕ್ಕೆ ಹೋಗಿ ಆಡಿದ್ರೆ ಅದೇ ಬಾಲ್ ಅದೇ ಕ್ಲಬ್ ಗ್ರೀನ್‌ಗೆ ಮುಟ್ಟದೇ ಮುಂದಿನ ಮರಳಿನ ಬಂಕರಲ್ಲಿ ಬೀಳಬಹುದು, ಆಗ ಬಾಲ್ ಸರಿಯಿಲ್ಲ ಅಂತ ಬದಲಾಯಿಸಬೇಡಿ. ಇಲ್ಲಿ ನ್ಯೂಜರ್ಸೀಲಿ ನವೆಂಬರಲ್ಲಿ ಚಳಿಗೆ ಬಾಲಿನೊಳಗಿನ ರಬ್ಬರ್ ಸೆಡೆತು ಇನ್ನೂ ದೂರ ಕಮ್ಮಿ ಆಗುತ್ತೆ, ನಾವು ರಾತ್ರಿ ಕಾರಲ್ಲಿ ಬಿಡದೇ ಮನೆಯೊಳಗಿಟ್ಟು ಬೆಳಿಗ್ಗೆ ತಗೊಂಡು ಹೋಗ್ತೀವಿ. ಆಟದ ಮಧ್ಯೆ ಹ್ಯಾಂಡ್ ವಾರ್ಮರಲ್ಲಿ ಬೇಕಂತಲೇ ಬಿಸಿ ಮಾಡಿ ಆಡಿದ್ರೆ ಮಾತ್ರ ಡಿಸ್ಕ್ವಾಲಿಫೈ.

ಟೀಆಫ್_ಹುಡುಗ:

ಅಬ್ಬಾ ಇಷ್ಟೊಂದು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕವರ್ ವಿಷಯ ಈಗ ಅರ್ಥ ಆಯ್ತು, ಅಂಗಡೀಲಿ ಯಾರೂ ಅದನ್ನ ಹೇಳಿರಲಿಲ್ಲ. ಇನ್ನೊಂದು ಡೌಟ್. ಕೋರ್ಸ್ ಹತ್ರ ಬ್ಯಾಗ್ ಹೊರೋ ಕ್ಯಾಡಿ ಅಣ್ಣಂದ್ರು ಹಳೇ ಬಾಲ್ ಕೊಡ್ತಾರೆ, ಕೆರೆಯಿಂದ ತೆಗೆದದ್ದು, ಪೊದೇಲಿ ಸಿಕ್ಕಿದ್ದು, ಪ್ರೊ ವಿ1 ಕೂಡ ಹೊಸದರ ಅರ್ಧಕ್ಕಿಂತ ಕಮ್ಮಿ ರೇಟಿಗೆ. ನೋಡೋಕೆ ಹೊಸದರಂಗೇ ಇರುತ್ತೆ. ಅದು ತಗೋಬಹುದಾ? ಮತ್ತೆ ಆನ್‌ಲೈನಲ್ಲಿ ರಿಫರ್ಬಿಶ್ಡ್ ಅಂತಾನೂ ಬರುತ್ತೆ.

ಚಾಮುಂಡಿ_ಫೇರ್‌ವೇ:

ನಾನು ಮೈಸೂರು, ಜಯಚಾಮರಾಜ ಒಡೆಯರ್ ಕ್ಲಬ್‌ನಲ್ಲಿ ಆಡೋದು, ರೇಸ್‌ಕೋರ್ಸ್ ಪಕ್ಕ, ಚಾಮುಂಡಿ ಬೆಟ್ಟ ನೋಡ್ಕೊಂಡು ಆಡೋ ಭಾಗ್ಯ ನಮ್ಮದು. ಹಳೇ ಬಾಲ್ ಬಗ್ಗೆ ಕೇಳಿದ್ರಲ್ಲ, ಧಾರಾಳವಾಗಿ ತಗೊಳ್ಳಿ, ಆದ್ರೆ ನೋಡಿ ತಗೊಳ್ಳಿ. ನಾನು ಬಹಳ ವರ್ಷದಿಂದ ಹೆಚ್ಚಾಗಿ ಅದನ್ನೇ ಆಡೋದು.

ಪೊದೇಲಿ ಸಿಕ್ಕ ಬಾಲು ಬಹುಪಾಲು ಒಂದೆರಡು ಹೋಲ್ ಆಡಿ ಕಳೆದದ್ದು, ಅದಕ್ಕೆ ಏನೂ ಆಗಿರಲ್ಲ. ಕೆರೆಯದ್ದು ಎಷ್ಟು ದಿನ ನೀರಲ್ಲಿತ್ತು ಅನ್ನೋದ್ರ ಮೇಲೆ ಹೋಗುತ್ತೆ, ಮಳೆಗಾಲ ಪೂರ್ತಿ ಕೆಸರಲ್ಲಿ ಕೂತಿದ್ರೆ ಬಣ್ಣ ಮಾಸಿ ಒಂಥರಾ ಹಳದಿ ಅಥವಾ ಕಂದು ಛಾಯೆ ಬಂದಿರುತ್ತೆ, ಅಂಥದ್ದು ಬಿಡಿ. ಉಗುರಲ್ಲಿ ಕವರ್ ಮೇಲೆ ಮೆಲ್ಲಗೆ ಗೀರಿ ನೋಡಿ, ಬಾಲನ್ನ ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿ, ಮೇಲಿನ ಹೊಳಪು ಒಂದೇ ಸಮ ಇದ್ಯಾ, ವೆಜ್ ಹೊಡೆತಕ್ಕೆ ಕವರ್ ಎದ್ದಿದ್ಯಾ, ಕಾರ್ಟ್ ಪಾತ್ ಕಾಂಕ್ರೀಟಿಗೆ ಬಡಿದು ಒರಟಾಗಿದ್ಯಾ. ಒಬ್ಬರ ಪೆನ್ನಿನ ಗುರುತು, ಕಂಪನಿ ಲೋಗೋ ಇದ್ರೆ ಪರ್ವಾಗಿಲ್ಲ, ಲೋಗೋ ಬಾಲು ಇನ್ನೂ ಅಗ್ಗಕ್ಕೆ ಸಿಗುತ್ತೆ.

ರಿಫರ್ಬಿಶ್ಡ್ ಅಥವಾ ರಿಫಿನಿಶ್ಡ್ ಅಂತ ಬರೆದಿದ್ರೆ ಮಾತ್ರ ಬೇಡವೇ ಬೇಡ. ಅದು ಹಳೇ ಬಾಲಿನ ಬಣ್ಣ ಕೆರೆದು ತೆಗೆದು ಮತ್ತೆ ಪೇಂಟ್ ಹೊಡೆದು ಹೆಸರು ಅಚ್ಚು ಹಾಕಿರೋದು. ಗುಳಿಯೊಳಗೆ ಪೇಂಟ್ ತುಂಬ್ಕೊಂಡ್ರೆ ಮೇಲೆ ಗಾಳಿಪಟದವರು ಹೇಳಿದ ಆ ಗಾಳಿಯ ಲೆಕ್ಕ ಎಲ್ಲ ಏರುಪೇರು, ಒಳಗಿನ ಬಾಲ್ ಯಾವುದು ಅಂತ್ಲೂ ಗ್ಯಾರಂಟಿ ಇಲ್ಲ. ತೊಳೆದು ಗ್ರೇಡ್ ಮಾಡಿ ಮಾರೋದು ಬೇರೆ, ಅದು ಸರಿ. ಇನ್ನು ಡಬ್ಬಿ ಸಮೇತ ಹೊಸ ಟೂರ್ ಬಾಲು ನಂಬಲಾಗದ ರೇಟಿಗೆ ಆನ್‌ಲೈನಲ್ಲಿ ಬಂದ್ರೆ ನಕಲಿ ಇರಬಹುದು, ಮಾರೋರು ಯಾರು ಅಂತ ನೋಡಿ, ಆಥರೈಸ್ಡ್ ಡೀಲರ್ ಅಥವಾ ಕ್ಲಬ್‌ನ ಪ್ರೊ ಶಾಪಲ್ಲೇ ತಗೊಳ್ಳಿ.

ಕ್ಯಾಡಿಗಳ ಹತ್ರ ತಗೊಳ್ಳೋದ್ರಲ್ಲಿ ಇನ್ನೊಂದು ಲಾಭ ಇದೆ. ಒಂದೇ ಮಾಡೆಲ್ ಕೂಡಿಡಿ ಅಣ್ಣ ಅಂತ ಹೇಳಿಟ್ರೆ ಎರಡು ವಾರದಲ್ಲಿ ಒಂದು ಡಜನ್ ಒಟ್ಟು ಮಾಡಿ ಕೊಡ್ತಾರೆ, ನನಗೆ ಸ್ರಿಕ್ಸಾನ್ ಹಾಗೇ ಸಿಗೋದು. ಚೌಕಾಸಿ ಜಾಸ್ತಿ ಮಾಡಬೇಡಿ, ಅವರು ಕೆಸರಿಗೆ ಇಳಿದು ಹುಡುಕಿರ್ತಾರೆ. ಬಾಲ್ ಹುಡುಕೋ ಹುಡುಗರು ಅಂತ ಯಾರೂ ಕಡೆಗಣಿಸಬಾರದು, ಬಿಡದಿಯ ಈಗಲ್‌ಟನ್ ಗಾಲ್ಫ್ ರೆಸಾರ್ಟ್ ಪಕ್ಕದ ಹಳ್ಳಿಯಿಂದ ಬಂದ ಚಿಕ್ಕರಂಗಪ್ಪ ಇವತ್ತು ದೇಶದ ಒಳ್ಳೆ ಪ್ರೊಗಳಲ್ಲಿ ಒಬ್ಬರು.

ಹೆಂಗಸರಿಗೆ ಅಂತ ಗುಲಾಬಿ ಡಬ್ಬೀಲಿ ಲೇಡಿ ಬಾಲ್ ಬರುತ್ತಲ್ಲ, ಓದ್ತಿರೋ ಅಕ್ಕತಂಗಿಯರಿಗೆ ಒಂದು ಮಾತು, ಬಹುಪಾಲು ಅದು ಮೆತ್ತನೆ ಟೂ ಪೀಸ್ ಬಾಲೇ, ಬಣ್ಣ ಬೇರೆ ಅಷ್ಟೇ. ನನ್ನ ಸ್ಪೀಡ್ ಕಮ್ಮಿ, ಹಾಗಿದ್ರೂ ನಾನು ಆಡೋದು ಯುರೆಥೇನ್. ಗ್ರೀನ್‌ಗೆ ಎರಡನೇ ಶಾಟಲ್ಲಿ ನಾನು ಎಷ್ಟೋ ಸಲ ಉದ್ದದ ಕ್ಲಬ್ ಹಿಡಿದು ಬರ್ತೀನಿ, ಬಾಲ್ ಇಳಿಯೋದೇ ಚಪ್ಪಟೆಯಾಗಿ, ಅದನ್ನ ನಿಲ್ಲಿಸೋಕೆ ಸಿಗೋ ಪ್ರತಿಯೊಂದು ಸುತ್ತಿನ ಸ್ಪಿನ್ನೂ ನನಗೆ ಬೇಕು.

ಸ್ಯಾಂಕಿರೋಡ್_ಬೋಗಿ:

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ, ರಿಫಿನಿಶ್ಡ್ ಕಡೆ ತಲೆ ಹಾಕಬೇಡಿ.

ಗಾಳಿಪಟ, ಕಂಪ್ರೆಶನ್ ವಿಷಯದಲ್ಲಿ ನಿಮ್ಮ ಮಾತು ಒಪ್ಪೋಕಾಗ್ತಿಲ್ಲ. ಸ್ಪೀಡಿಗೆ ತಕ್ಕ ಕಂಪ್ರೆಶನ್ ಅನ್ನೋದು ಬಹಳ ವರ್ಷದಿಂದ ನಡ್ಕೊಂಡು ಬಂದಿರೋ ಮಾತು, ಆದ್ರೆ ಡ್ರೈವರ್ ಬಾಲಿಗೆ ತಾಗಿರೋದೇ ಅರ್ಧ ಮಿಲಿಸೆಕೆಂಡ್, ಅಷ್ಟರಲ್ಲಿ 80 ಮೈಲೀಲಿ ಹೊಡೆದ್ರೂ ಎಂಥಾ ಗಟ್ಟಿ ಬಾಲೂ ಕಣ್ಣಿಗೆ ಕಾಣೋ ಹಾಗೆ ಚಪ್ಪಟೆ ಆಗುತ್ತೆ, ಸ್ಲೋ ಮೋಶನ್ ವಿಡಿಯೋ ನೋಡಿ. ಪೂರ್ತಿ ಅಮುಕಬೇಕು ಅನ್ನೋ ಗೆರೆ ಯಾವುದೂ ಇಲ್ಲ. ನೋಡಿದ್ರೆ ತುಂಬ ಮೆತ್ತನೆ ಬಾಲಲ್ಲೇ ಬಾಲ್ ಸ್ಪೀಡ್ ಸ್ವಲ್ಪ ಕಮ್ಮಿ ಆಗೋದು, ಜೋರಾಗಿ ಹೊಡೆಯೋರಿಗೆ ಜಾಸ್ತಿ ಗೊತ್ತಾಗುತ್ತೆ, ನಮ್ಮಂಥ 90ರವರಿಗೆ ಅಷ್ಟಿಲ್ಲ. ಮೆತ್ತನೆ ಬಾಲ್ ದೂರ ಹೋದಾಗ ಅದಕ್ಕೆ ಕಾರಣ ಡ್ರೈವರಲ್ಲಿ ಅದಕ್ಕೆ ಸ್ಪಿನ್ ಕಮ್ಮಿ ಇರೋದು, ಅಮುಕೋದಲ್ಲ. ಕೈಗೆ ಹಿತ ಅನ್ಸುತ್ತೆ ಅಂತ ಆಡಿ, ಅದು ಒಳ್ಳೆ ಕಾರಣವೇ. ನಿಮಗೆ 90 ಮೈಲಿ ಇದೆ ಪ್ರೊ ವಿ1 ಮುಟ್ಟಬೇಡಿ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ ಅಷ್ಟೇ, ಬೇಡ ಅನ್ನೋಕೆ ಬೆಲೆ ಒಂದೇ ಸಾಕು.

ಅಂದ ಹಾಗೆ ಬಾಲ್ ಮೇಲಿನ 1, 2, 3, 4 ನಂಬರ್ ಕಂಪ್ರೆಶನ್ ಅಂತ ಸುಮಾರು ಜನ ಅನ್ಕೊಂಡಿದಾರೆ. ಹಿಂದೆ ಟೈಟ್ಲಿಸ್ಟಲ್ಲಿ ನಂಬರಿನ ಬಣ್ಣ ನೋಡಿ ಹೇಳಬಹುದಿತ್ತು. ಈಗ ನಂಬರ್ ಇರೋದು ಗುರುತಿಗೆ ಮಾತ್ರ.

ಗಾಳಿಪಟ_ಪಾರ್3:

ಸ್ಪಿನ್ ಕಮ್ಮಿ ಆಗಿ ದೂರ ಹೋಗುತ್ತೆ ಅನ್ನೋದು ಸರಿ ಇದೆ ಸರ್, ಆ ದಿಕ್ಕಲ್ಲಿ ನಾನು ಯೋಚಿಸಿರಲಿಲ್ಲ. ಆದ್ರೂ ಫೀಲ್ ಅನ್ನೋದನ್ನ ಸಣ್ಣದು ಅನ್ಬೇಡಿ, ಗಟ್ಟಿ ಬಾಲಲ್ಲಿ ಪಟ್ಟರ್ ಟಿಕ್ ಅಂತ ಸದ್ದು ಮಾಡಿದ್ರೆ ನನಗೆ ಬಾಲ್ ಜೋರಾಗಿ ಹೋಯ್ತು ಅನ್ಸಿ ಮುಂದಿನದನ್ನ ಮೆಲ್ಲಗೆ ತಳ್ಳಿಬಿಡ್ತೀನಿ. ಫೀಲ್ ಅಂತ ನಾವು ಹೇಳೋದ್ರಲ್ಲಿ ಅರ್ಧ ಕಿವಿಯದ್ದೇ ಅನ್ಸುತ್ತೆ.

ಮಂಜಿನೂರು:

ನಾನು ಮಡಿಕೇರಿ ಕಡೆಯವ. ಮಳೆಗಾಲದ ಬಗ್ಗೆ ಯಾರೂ ಹೇಳ್ಲಿಲ್ಲ ಅದಕ್ಕೆ ಬರೀತಿದೀನಿ. ಜೂನ್‌ನಿಂದ ನಮ್ಮಲ್ಲಿ ಫೇರ್‌ವೇ ಎಲ್ಲ ಒದ್ದೆ, ಬಾಲ್ ಬಿದ್ದಲ್ಲೇ ಹೂತು ಕೂರುತ್ತೆ, ಒಂದು ಇಂಚೂ ಉರುಳಲ್ಲ, ಗ್ರೀನ್ ಅಂತೂ ಅಯನೊಮರ್ ಬಾಲನ್ನೂ ಹಿಡಿದು ನಿಲ್ಲಿಸುತ್ತೆ. ಆ ನಾಲ್ಕು ತಿಂಗಳು ಯುರೆಥೇನ್‌ಗೆ ದುಡ್ಡು ಹಾಕೋ ಅಗತ್ಯ ನನಗೆ ಕಂಡಿಲ್ಲ. ಬೇಸಿಗೇಲಿ ಗ್ರೀನ್ ಗಟ್ಟಿ ಆದಾಗ, ಅದೂ ಕೆಲವು ಹಳೇ ಸಣ್ಣ ಕೋರ್ಸಲ್ಲಿ ಗ್ರೀನ್ ಬದಲು ಮರಳಿನ ಬ್ರೌನ್ ಇರುತ್ತೆ, ಆಗ ಬಾಲ್ ನಿಲ್ಲಿಸೋ ಕಷ್ಟ ಗೊತ್ತಾಗುತ್ತೆ.

ಬಣ್ಣ ಹಳದಿ ತಗೊಳ್ಳಿ. ಮಂಜಲ್ಲಿ, ಸಂಜೆ ಬೆಳಕಲ್ಲಿ, ಕಾಫಿ ಗಿಡದ ಬುಡದಲ್ಲಿ ಬಿಳಿ ಬಾಲ್ ಕಾಣೋದೇ ಇಲ್ಲ. ಕೆಂಪು, ಕಿತ್ತಳೆ ಬಣ್ಣ ಅಂಗಡೀಲಿ ಚೆಂದ, ಒಣಗಿದ ಎಲೆ ಮಧ್ಯೆ ಬಿದ್ರೆ ಮುಗೀತು. 2019ರಿಂದ ಬಾಲ್ ಹುಡುಕೋಕೆ ಮೂರೇ ನಿಮಿಷ, ಮೊದಲು ಐದಿತ್ತು, ಅಷ್ಟರಲ್ಲಿ ಸಿಗದಿದ್ರೆ ಒಂದು ಪೆನಾಲ್ಟಿ ಜೊತೆಗೆ ಹೊಡೆದ ಜಾಗಕ್ಕೇ ವಾಪಸ್ ನಡೀಬೇಕು. ಕಣ್ಣಿಗೆ ಬೀಳೋ ಬಾಲ್ ಅಂದ್ರೆ ಅಷ್ಟು ಸ್ಟ್ರೋಕ್ ಉಳೀತು ಅಂತ.

ಮತ್ತೆ ಮರೀದೇ ಪರ್ಮನೆಂಟ್ ಮಾರ್ಕರಲ್ಲಿ ನಿಮ್ಮ ಗುರುತು ಹಾಕ್ಕೊಳ್ಳಿ. ನಾಲ್ಕು ಜನ ಒಟ್ಟಿಗೆ ಆಡುವಾಗ ಇಬ್ಬರ ಹತ್ರ ಒಂದೇ ಮಾಡೆಲ್ ಒಂದೇ ನಂಬರ್ ಇರೋದು ಅಪರೂಪ ಏನಲ್ಲ, ಬೇರೆಯವರ ಬಾಲ್ ಹೊಡೆದ್ರೆ ಎರಡು ಸ್ಟ್ರೋಕ್ ಪೆನಾಲ್ಟಿ. ಮೊದಲ ಟೀನಲ್ಲೇ ನಂದು ಸ್ರಿಕ್ಸಾನ್ 3, ಎರಡು ಹಸಿರು ಚುಕ್ಕಿ ಅಂತ ಹೇಳ್ಬಿಡಿ.

ಟೀಆಫ್_ಹುಡುಗ:

ನಿಮ್ಮೆಲ್ಲರ ಮಾತು ಓದಿ ಹೀಗೆ ಮಾಡೋಣ ಅಂತಿದೀನಿ. ಸ್ರಿಕ್ಸಾನ್ ಸಾಫ್ಟ್ ಫೀಲ್ ಹಳದಿ ಒಂದು ಸ್ಲೀವ್ (ಮೂರು ಬಾಲಿನ ಡಬ್ಬಿ), ಕ್ಯೂ ಸ್ಟಾರ್ ಟೂರ್ ಒಂದು ಸ್ಲೀವ್, ಎರಡನ್ನೂ ಆಡಿ ನೋಡಿ ಆಮೇಲೆ ಡಜನ್ ತಗೊಳ್ಳೋದು. ಆದ್ರೆ ಹೇಗೆ ಹೋಲಿಸಿ ನೋಡೋದು? ರೇಂಜಲ್ಲಿ ಡ್ರೈವರ್ ಹೊಡೆದು ನೋಡಿದ್ರೆ ಆಗುತ್ತಾ?

ಸ್ಯಾಂಕಿರೋಡ್_ಬೋಗಿ:

ಡ್ರೈವರಿಂದ ಶುರು ಮಾಡಬೇಡಿ, ಒಂದು ಡ್ರೈವ್ ಇನ್ನೊಂದರ ಥರ ಇರಲ್ಲ, ಬಾಲ್‌ದು ಅಂತ ಏನೂ ಗೊತ್ತಾಗಲ್ಲ. ರೇಂಜ್ ಬಾಲು ಬೇರೆಯದೇ ಜಾತಿ, ಅದರ ದೂರ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ. ನಿಮ್ಮ ಎರಡೂ ಸ್ಲೀವ್ ತಗೊಂಡು ಸಂಜೆ ಪ್ರಾಕ್ಟೀಸ್ ಗ್ರೀನ್‌ಗೆ ಹೋಗಿ. ಮೊದಲು ಪಟ್ಟಿಂಗ್, ಆಮೇಲೆ ಗ್ರೀನ್ ಅಂಚಿಂದ ಹತ್ತು ಗಜದ ಚಿಪ್, ಒಂದು ಇದು ಒಂದು ಅದು ಅಂತ ಬದಲಾಯಿಸ್ತಾ, ಬಿದ್ದ ಜಾಗದಿಂದ ಎಷ್ಟು ಉರುಳ್ತು ಅಂತ ಮಾತ್ರ ನೋಡಿ. ಆಮೇಲೆ ಮೂವತ್ತು ನಲವತ್ತು ಗಜದ ಪಿಚ್, ಕ್ಲಬ್‌ನವರು ಬಿಟ್ರೆ ಬಂಕರಿಂದಾನೂ ಒಂದಷ್ಟು. ನಿಮ್ಮ ಕೋಚ್ ಹತ್ರ ಸ್ಪೀಡ್ ತೋರಿಸಿದ ಮೆಷಿನ್, ಲಾಂಚ್ ಮಾನಿಟರ್, ಇದ್ಯಲ್ಲ, 7 ಐರನ್ನಲ್ಲಿ ಎರಡರ ಸ್ಪಿನ್ನೂ ಬಾಲ್ ಇಳಿಯೋ ಕೋನಾನೂ ನೋಡಿಸ್ಕೊಳ್ಳಿ. ಡ್ರೈವರ್ ಕೊನೇಲಿ, ಅದೂ ಸ್ಲೈಸ್ ತೀರಾ ಜಾಸ್ತಿ ಆಗ್ತಿದ್ಯಾ ಅನ್ನೋದಕ್ಕೆ ಮಾತ್ರ.

ಚಿಪ್ಪಲ್ಲಿ ಎರಡಕ್ಕೂ ವ್ಯತ್ಯಾಸ ನಿಮಗೆ ಕಾಣ್ಲಿಲ್ಲ ಅಂದ್ರೆ ಸಾಫ್ಟ್ ಫೀಲೇ ತಗೊಳ್ಳಿ, ನೂರರ ಕೆಳಗೆ ಬಂದ್ಮೇಲೆ ಮತ್ತೆ ಇದೇ ಪರೀಕ್ಷೆ ಮಾಡಿ, ಅಷ್ಟೊತ್ತಿಗೆ ನಿಮ್ಮ ವೆಜ್ ಬಾಲನ್ನ ಸರಿಯಾಗಿ ಕಚ್ಚೋಕೆ ಶುರು ಮಾಡಿರುತ್ತೆ. ವ್ಯತ್ಯಾಸ ಕಂಡ್ರೆ, ಕ್ಯೂ ಸ್ಟಾರ್ ಟೂರಲ್ಲಿ ನಿಲ್ತಿದೆ ಅನ್ಸಿದ್ರೆ, ಚಾಮುಂಡಿ ಮೇಡಂ ಹೇಳಿದ ಹಾಗೆ ಕ್ಯಾಡಿ ಅಣ್ಣಂಗೆ ಹೇಳಿಟ್ಟು ಅದರದ್ದೇ ಹಳೇ ಬಾಲ್ ಕೂಡಿಸ್ಕೊಳ್ಳಿ, ಬಜೆಟ್ಟೂ ನಿಲ್ಲುತ್ತೆ.

ಚಾಮುಂಡಿ_ಫೇರ್‌ವೇ:

ಕೆರೆ ದಾಟಿಸೋ ಹೋಲ್ ಬಂದಾಗ ಬ್ಯಾಗಿಂದ ಬೇರೆ ಹಳೇ ಬಾಲ್ ತೆಗೀಬೇಡಿ ಅಂತ ಒಂದು ಸೇರಿಸ್ತೀನಿ. ನೀರಿಗೆ ಹೋಗುತ್ತೆ ಅಂತ ಮನಸ್ಸಲ್ಲೇ ಒಪ್ಕೊಂಡು ಹೊಡೆದ್ರೆ ನೀರಿಗೇ ಹೋಗೋದು, ದಾಟಿದ್ರೂ ಮುಂದಿನ ಚಿಪ್ಪಲ್ಲಿ ಅದು ಪರಿಚಯ ಇಲ್ಲದ ಬಾಲು. ಕಳೆದ್ರೆ ನೋವಾಗದ ರೇಟಿನ ಬಾಲನ್ನೇ ಆರಿಸ್ಕೊಂಡ್ರೆ ಹದಿನೆಂಟೂ ಹೋಲಲ್ಲಿ ಅದನ್ನೇ ಆಡಬಹುದು. ಆಡಿ ನೋಡಿದ್ಮೇಲೆ ಯಾವುದು ಆಯ್ತು ಅಂತ ಇಲ್ಲೇ ಬರೀರಿ, ಹೊಸದಾಗಿ ಬರೋರಿಗೂ ಉಪಯೋಗ ಆಗುತ್ತೆ.